ಹಳೇ ಹಾರ್ಡ್ ಡಿಸ್ಕ್ ವಿಲೇವಾರಿಗೆ ಮುಂಚೆ ಡೇಟಾ ಪೂರ್ತಿ ಅಳಿಸೋದು ಹೇಗೆ? (ಆಡಿಟ್ ಕಚೇರಿ, ಮೈಸೂರು)

ಸರಸ್ವತಿಪುರಂ ಆಡಿಟ್

ಎಲ್ಲರಿಗೂ ನಮಸ್ಕಾರ. ಆಯುಧಪೂಜೆಗೆ ಮುಂಚೆ ಕಚೇರಿ ಕ್ಲೀನ್ ಮಾಡಿ ಹಳೇ ಕಂಪ್ಯೂಟರ್‌ಗಳನ್ನ ಹೊರಗೆ ಹಾಕಬೇಕು. ನಮ್ಮದು ಲೆಕ್ಕಪರಿಶೋಧನೆ ಕಚೇರಿ. ಡಿಸ್ಕ್‌ಗಳಲ್ಲಿ ಕ್ಲೈಂಟ್‌ಗಳ ಪ್ಯಾನ್, ಆಧಾರ್ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಟ್ಯಾಲಿ ಡೇಟಾ, ಫಾರಂ 16 ಎಲ್ಲ ಇದೆ. ಇರೋ ಸಾಮಾನು ಇಷ್ಟು:

ಡೆಸ್ಕ್‌ಟಾಪ್‌ನ 500 ಜಿಬಿ ಸಾಟಾ ಡಿಸ್ಕ್ ಐದು. ಲ್ಯಾಪ್‌ಟಾಪ್‌ನ 1 ಟಿಬಿ ಡಿಸ್ಕ್ ಒಂದು. 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದೆ ಚಿಪ್‌ನಲ್ಲಿ ಡೇಟಾ ಇಡೋ ಡಿಸ್ಕ್) ಇರೋ ಲ್ಯಾಪ್‌ಟಾಪ್ ಒಂದು. ಕಟಕಟ ಶಬ್ದ ಮಾಡೋ, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್ ಮೆನುವಿನಲ್ಲಿ) ಕಾಣಿಸದೇ ಇರೋ ಡಿಸ್ಕ್ ಒಂದು. ಸಿಸಿಟಿವಿ ಡಿವಿಆರ್‌ನ 2 ಟಿಬಿ ಡಿಸ್ಕ್ ಒಂದು.

"ಫಾರ್ಮ್ಯಾಟ್ ಹೊಡೆದು ಕೊಡಿ, ಸಾಕು" ಅಂತ ತಗೊಳ್ಳೋರು ಹೇಳ್ತಿದಾರೆ. ಅಷ್ಟು ಸಾಕಾ? ಚೆನ್ನಾಗಿರೋ ಡಿಸ್ಕ್‌ಗಳನ್ನ ಸರ್ಕಾರಿ ಶಾಲೆಗೆ ಕೊಡೋ ಯೋಚನೆಯೂ ಇದೆ, ಹಾಗಾಗಿ ಎಲ್ಲವನ್ನೂ ಒಡೆದು ಹಾಕೋಕೆ ಮನಸ್ಸಿಲ್ಲ.

ಹೆಬ್ಬಾಳ ಹಾರ್ಡ್‌ವೇರ್

ಸಾಕಾಗಲ್ಲ ಸರ್. ಫೈಲ್ ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದ್ರೆ ವಿಂಡೋಸ್ ಆ ಫೈಲ್‌ನ ವಿಳಾಸವನ್ನ ತನ್ನ ಪಟ್ಟಿಯಿಂದ ತೆಗೆದು, "ಈ ಜಾಗ ಖಾಲಿ" ಅಂತ ಗುರುತು ಹಾಕಿಕೊಳ್ಳುತ್ತೆ. ಅಕ್ಷರಗಳು ಡಿಸ್ಕ್ ಒಳಗಿನ ತಿರುಗೋ ತಟ್ಟೆ (ಪ್ಲ್ಯಾಟರ್) ಮೇಲೆ ಇದ್ದ ಹಾಗೇ ಇರ್ತವೆ. ಕ್ವಿಕ್ ಫಾರ್ಮ್ಯಾಟ್ ಕೂಡ ಅದನ್ನೇ ಇಡೀ ಡ್ರೈವ್‌ಗೆ ಮಾಡುತ್ತೆ, ಪಟ್ಟಿ ಹೊಸದು, ಡೇಟಾ ಹಳೇದು. ಫೋಟೊರೆಕ್ ಥರದ ಉಚಿತ ಸಾಫ್ಟ್‌ವೇರ್ ಆ ಪಟ್ಟಿಯನ್ನ ನೋಡೋದೇ ಇಲ್ಲ, ನೇರವಾಗಿ ಸೆಕ್ಟರ್‌ಗಳನ್ನ (ಡಿಸ್ಕ್‌ನಲ್ಲಿ ಡೇಟಾ ಇರೋ ಚಿಕ್ಕಚಿಕ್ಕ ಭಾಗಗಳನ್ನ) ಓದಿ ಪಿಡಿಎಫ್, ಜೆಪೆಗ್, ಎಕ್ಸೆಲ್ ಫೈಲ್‌ಗಳನ್ನ ಹೆಕ್ಕಿಕೊಡುತ್ತೆ.

ಫುಲ್ ಫಾರ್ಮ್ಯಾಟ್ ವಿಷಯ ಬೇರೆ. ಎಕ್ಸ್‌ಪಿ ಕಾಲದಲ್ಲಿ ಅದು ಕೆಟ್ಟ ಸೆಕ್ಟರ್ ಇದೆಯಾ ಅಂತ ಓದಿ ನೋಡ್ತಿತ್ತು ಅಷ್ಟೆ. ವಿಸ್ಟಾದಿಂದ ಈಚೆಗೆ ನಿಜವಾಗ್ಲೂ ಸೊನ್ನೆ ಬರೆಯುತ್ತೆ. ಆದರೆ ನೀವು ಆರಿಸಿದ ಪಾರ್ಟಿಷನ್‌ಗೆ ಮಾತ್ರ. ಡಿ ಡ್ರೈವ್ ಫಾರ್ಮ್ಯಾಟ್ ಮಾಡಿ, ಸಿ ಡ್ರೈವ್‌ನ ಡೆಸ್ಕ್‌ಟಾಪ್ ಮೇಲಿದ್ದ ಆಧಾರ್ ಸ್ಕ್ಯಾನ್‌ಗಳನ್ನ ಹಾಗೇ ಬಿಟ್ಟರೆ ಏನು ಪ್ರಯೋಜನ? ಪಾರ್ಟಿಷನ್ ಲೆಕ್ಕದಲ್ಲಿ ಯೋಚನೆ ಮಾಡಬೇಡಿ, ಇಡೀ ಡಿಸ್ಕ್‌ನ ಮೊದಲ ಸೆಕ್ಟರ್‌ನಿಂದ ಕೊನೇ ಸೆಕ್ಟರ್‌ವರೆಗೆ ಅಂತ ಯೋಚನೆ ಮಾಡಿ.

ಅಳಿಸೋಕೆ ಮುಂಚೆ ಇನ್ನೊಂದು ಕೆಲಸ. ಯಾವ ದಾಖಲೆ ಎಷ್ಟು ವರ್ಷ ಇಟ್ಟಿರಬೇಕು ಅಂತ ಒಮ್ಮೆ ನೋಡಿ. 2013ರ ಕಂಪನಿ ಕಾಯ್ದೆ ಪ್ರಕಾರ ಕಂಪನಿಗಳ ಲೆಕ್ಕದ ಪುಸ್ತಕ 8 ಹಣಕಾಸು ವರ್ಷ ಇರಬೇಕು. ಜಿಎಸ್‌ಟಿ ದಾಖಲೆಗಳು ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನದಿಂದ 72 ತಿಂಗಳು. ಬೇಕಾದ್ದು ಹೊಸ ಡಿಸ್ಕ್‌ಗೆ ಬಂದಿದೆ, ಟ್ಯಾಲಿ ಬ್ಯಾಕಪ್ ರಿಸ್ಟೋರ್ ಆಗಿ ತೆರೆದುಕೊಳ್ತಿದೆ ಅಂತ ಖಾತ್ರಿಯಾದ ಮೇಲೇ ಮುಂದಿನ ಹೆಜ್ಜೆ. ಬ್ಯಾಕಪ್ ಫೈಲ್ ಇದೆ ಅಂತ ನೋಡಿದರೆ ಸಾಲದು, ತೆರೆದು ನೋಡಬೇಕು.

ಆಮೇಲೆ ಪ್ರತಿ ಡಿಸ್ಕ್‌ನ ಲೇಬಲ್ ಮೇಲಿರೋ ಸೀರಿಯಲ್ ನಂಬರ್ ಬರೆದುಕೊಂಡು ಒಂದು ಪಟ್ಟಿ ಮಾಡಿ. ನಿಮ್ಮ ಹತ್ತಿರ 500 ಜಿಬಿಯದ್ದೇ ಐದು ಇವೆ. ಪಟ್ಟಿ ಇಲ್ಲದಿದ್ರೆ ಯಾವುದು ಅಳಿಸಿದ್ದು ಯಾವುದು ಬಾಕಿ ಅಂತ ಗೊತ್ತಾಗಲ್ಲ.

ಹೆಬ್ಬಾಳ ಹಾರ್ಡ್‌ವೇರ್

ವಿಂಡೋಸ್‌ನಲ್ಲೇ ಮಾಡೋದಾದರೆ ವಿಧಾನ ಇದು. ಹಳೇ ಡಿಸ್ಕನ್ನ ಇನ್ನೊಂದು ಕಂಪ್ಯೂಟರ್‌ಗೆ ಸಾಟಾ ಕೇಬಲ್‌ನಲ್ಲಿ ಸೇರಿಸಿ. ಬೂಟ್ ಆಗಿರೋ ಡಿಸ್ಕನ್ನ ಅದೇ ವಿಂಡೋಸ್ ಅಳಿಸಲ್ಲ. ಆ ಕಂಪ್ಯೂಟರ್‌ನಲ್ಲಿ ಬೇರೆ ಡೇಟಾ ಡಿಸ್ಕ್ ಇದ್ದರೆ ಅದರ ಕೇಬಲ್ ಕಿತ್ತಿಡಿ. ತಪ್ಪು ಡಿಸ್ಕ್ ಅಳಿಸೋ ಅನಾಹುತ ತಪ್ಪಿಸೋಕೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ.

ಕಮಾಂಡ್ ಪ್ರಾಂಪ್ಟ್ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ಡಿಸ್ಕ್‌ಪಾರ್ಟ್". ಆಮೇಲೆ "ಲಿಸ್ಟ್ ಡಿಸ್ಕ್". 500 ಜಿಬಿ ಡಿಸ್ಕ್ ಅಲ್ಲಿ 465 ಜಿಬಿ ಅಂತ ಕಾಣುತ್ತೆ, 1 ಟಿಬಿ ಅಂದ್ರೆ 931 ಜಿಬಿ, ಗಾಬರಿ ಬೇಡ. "ಸೆಲೆಕ್ಟ್ ಡಿಸ್ಕ್ 1" ಅಂತ ನಿಮ್ಮ ಡಿಸ್ಕ್‌ನ ಸಂಖ್ಯೆ ಕೊಡಿ. ತಕ್ಷಣ "ಡೀಟೇಲ್ ಡಿಸ್ಕ್" ಕೊಟ್ಟು ಮಾಡೆಲ್ ಹೆಸರು ಹೊಂದುತ್ತಾ ನೋಡಿ. ಹೊಂದಿದರೆ "ಕ್ಲೀನ್ ಆಲ್".

ಬರೀ "ಕ್ಲೀನ್" ಅಂತ ಕೊಟ್ಟು ಎದ್ದು ಹೋಗಬೇಡಿ. ಅದು ಪಾರ್ಟಿಷನ್ ಮಾಹಿತಿ ಮಾತ್ರ ಒರೆಸಿ ಎರಡು ಸೆಕೆಂಡ್‌ನಲ್ಲಿ ಮುಗಿಯುತ್ತೆ. ಜೊತೆಗೆ "ಆಲ್" ಇದ್ದರೇನೇ ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆಯೋದು. ಎಷ್ಟಾಯ್ತು ಅಂತ ತೋರಿಸೋ ಪಟ್ಟಿ ಇರಲ್ಲ, ಕರ್ಸರ್ ಮಿನುಗ್ತಾ ಇರುತ್ತೆ. ನಿಂತುಹೋಗಿದೆ ಅಂತ ಕಿಟಕಿ ಮುಚ್ಚಿಬಿಡೋದು ಇಲ್ಲಿ ಆಗೋ ಸಾಮಾನ್ಯ ತಪ್ಪು. ಸಾಟಾದಲ್ಲಿ ನೇರ ಸೇರಿಸಿದ 500 ಜಿಬಿ ಡಿಸ್ಕ್‌ಗೆ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಗಂಟೆ, 1 ಟಿಬಿಗೆ ಎರಡೂವರೆಯಿಂದ ಮೂರು. ಯುಎಸ್‌ಬಿ 2 ಅಡಾಪ್ಟರ್‌ನಲ್ಲಿ ಸೆಕೆಂಡಿಗೆ 30–35 ಎಂಬಿ ದಾಟಲ್ಲ, 500 ಜಿಬಿಗೇ ನಾಲ್ಕು ಗಂಟೆ ಮೇಲಾಗುತ್ತೆ. ಇನ್ನೊಂದು, ಲ್ಯಾಪ್‌ಟಾಪ್ ಡಿಸ್ಕ್‌ಗೆ ಯುಎಸ್‌ಬಿಯ ಕರೆಂಟೇ ಸಾಕು, ಆದರೆ ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಅಡಾಪ್ಟರ್ ಇರೋ ಡಾಕ್ ಬೇಕೇಬೇಕು.

ವಿವಿ ಮೊಹಲ್ಲಾ ನೆಟ್‌ವರ್ಕ್

ಒಂದೇ ಸಲ ಸೊನ್ನೆ ಬರೆದರೆ ಸಾಕಾ ಸರ್? ಅಮೆರಿಕದ ರಕ್ಷಣಾ ಇಲಾಖೆ ಮೂರು ಸಲ ಅನ್ನುತ್ತಿತ್ತು, ಏಳು ಸಲ, 35 ಸಲ ಅನ್ನೋ ಆಯ್ಕೆಗಳೂ ಸಾಫ್ಟ್‌ವೇರ್‌ಗಳಲ್ಲಿ ಇರ್ತವಲ್ಲ. ಆಡಿಟ್ ಕಚೇರಿ ಅಂದ್ಮೇಲೆ ಹೆಚ್ಚಿನದೇ ಮಾಡೋದು ಒಳ್ಳೇದಲ್ವಾ?

ಬೋಗಾದಿ ಭದ್ರತೆ

35 ಸಲದ ಲೆಕ್ಕ ಬಂದಿದ್ದು ಆಕ್ಲೆಂಡ್ ವಿಶ್ವವಿದ್ಯಾಲಯದ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ. ಆ ಕಾಲದ ಡಿಸ್ಕ್‌ಗಳು ಎಂಎಫ್‌ಎಂ, ಆರ್‌ಎಲ್‌ಎಲ್ ಅನ್ನೋ ಬೇರೆಬೇರೆ ರೀತಿಯಲ್ಲಿ ಡೇಟಾ ಬರೆಯುತ್ತಿದ್ದವು. ಒಂದೊಂದು ರೀತಿಗೂ ಬೇಕಾದ ವಿನ್ಯಾಸಗಳನ್ನ ಒಟ್ಟಿಗೆ ಸೇರಿಸಿದಾಗ 35 ಆಯ್ತು. ಯಾವ ಒಂದು ಡಿಸ್ಕ್‌ಗೂ ಅಷ್ಟೂ ಬೇಕಿರಲಿಲ್ಲ. ಇದನ್ನ ಈಗಿನ ಡಿಸ್ಕ್‌ಗಳಿಗೆ ಬಳಸೋದ್ರಲ್ಲಿ ಅರ್ಥವಿಲ್ಲ ಅಂತ ಅವರೇ ಆಮೇಲೆ ಸೇರಿಸಿದ ಟಿಪ್ಪಣಿಯಲ್ಲಿ ಹೇಳಿದಾರೆ.

ಈಗ ಎಲ್ಲರೂ ಅನುಸರಿಸೋದು ಅಮೆರಿಕದ ನಿಸ್ಟ್ ಸಂಸ್ಥೆಯ 800-88 ಮಾರ್ಗಸೂಚಿ. ಅದರ ಮೊದಲ ಪರಿಷ್ಕರಣೆ 2014ರ ಡಿಸೆಂಬರ್‌ನಲ್ಲಿ ಬಂತು. ಅದರಲ್ಲಿ ಮೂರು ಹಂತ: ಕ್ಲಿಯರ್, ಪರ್ಜ್, ಡಿಸ್ಟ್ರಾಯ್. ಕ್ಲಿಯರ್ ಅಂದ್ರೆ ಮಾಮೂಲಿ ಸಾಫ್ಟ್‌ವೇರ್‌ನಿಂದ ವಾಪಸ್ ತೆಗೆಯೋಕೆ ಆಗದ ಹಾಗೆ ಮೇಲೆ ಬರೆಯೋದು. ಪರ್ಜ್ ಅಂದ್ರೆ ಪ್ರಯೋಗಾಲಯದ ಉಪಕರಣ ಇಟ್ಟುಕೊಂಡರೂ ಸಿಗದ ಹಾಗೆ ಮಾಡೋದು, ಡಿಸ್ಕ್‌ನ ಒಳಗಿನ ಅಳಿಸುವ ಕಮಾಂಡ್ ಅಥವಾ ಕಾಂತೀಯವಾಗಿ ಒರೆಸೋ ಡಿಗಾಸರ್ ಯಂತ್ರ ಇದರಲ್ಲಿ ಬರುತ್ತೆ. ಡಿಸ್ಟ್ರಾಯ್ ಅಂದ್ರೆ ಪುಡಿ ಮಾಡೋದು, ಕರಗಿಸೋದು. ಕಾಂತೀಯ ಡಿಸ್ಕ್‌ಗೆ ಕ್ಲಿಯರ್ ಹಂತದಲ್ಲಿ ಒಂದು ಸಲ ಮೇಲೆ ಬರೆದರೆ ಸಾಕು ಅಂತಲೇ ಅದರಲ್ಲಿ ಇದೆ.

ಏಳು ಸಲ ಬರೆಯೋಕೆ ಹಿಡಿಯೋ ಹೊತ್ತಿನಲ್ಲಿ ಏಳು ಡಿಸ್ಕ್ ಮುಗಿಸಬಹುದು. ನಿಜವಾದ ಅಪಾಯ ಇರೋದು ಬರಹ ತಲುಪದೇ ಉಳಿಯೋ ಜಾಗಗಳಲ್ಲಿ. ಅಂಥ ಜಾಗ ಮೂರು: ಬಯಾಸ್ ಅಥವಾ ತಯಾರಕರು ಬಚ್ಚಿಟ್ಟ ಎಚ್‌ಪಿಎ ಮತ್ತು ಡಿಸಿಒ ಭಾಗ, ಕೆಟ್ಟುಹೋಗಿ ಬದಲಿ ಜಾಗಕ್ಕೆ ವರ್ಗವಾದ ಸೆಕ್ಟರ್‌ಗಳು, ಎಸ್‌ಎಸ್‌ಡಿಯ ಹೆಚ್ಚುವರಿ ಫ್ಲ್ಯಾಶ್. ಇವಕ್ಕೆ ನೂರು ಸಲ ಬರೆದರೂ ಮುಟ್ಟಲ್ಲ. ಒಂದು ಸಲ ಬರೆಯಿರಿ, ಬರೆದದ್ದನ್ನ ಓದಿ ಪರೀಕ್ಷಿಸಿ. ಉಳಿದ ಸಮಯವನ್ನ ಈ ಮೂರು ಜಾಗಗಳಿಗೆ ಕೊಡಿ.

ಮಂಡ್ಯ ಲಿನಕ್ಸ್

ಬೋಗಾದಿ ಅಣ್ಣ ಹೇಳಿದ್ದು ಸರಿ. ಐದಾರು ಡಿಸ್ಕ್ ಒಟ್ಟಿಗೆ ಮಾಡೋರಿಗೆ ಶ್ರೆಡ್‌ಓಎಸ್ ಅನುಕೂಲ ಕಣ್ರೀ. ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬೂಟ್ ಮಾಡೋ ಚಿಕ್ಕ ಲಿನಕ್ಸ್, ಒಳಗೆ ಎನ್‌ವೈಪ್ ಅನ್ನೋ ಪ್ರೋಗ್ರಾಂ ಇರುತ್ತೆ. ಇದೇ ಕೆಲಸದ ಹಳೇ ಸಾಫ್ಟ್‌ವೇರ್ ಡಿಬ್ಯಾನ್ (ಡಿಬಿಎಎನ್) ಎಲ್ಲರಿಗೂ ಗೊತ್ತು, ಆದರೆ ಅದರ ಕೊನೇ ಆವೃತ್ತಿ ಬಂದದ್ದು 2015ರಲ್ಲಿ. ಹೊಸ ಯಂತ್ರಗಳಲ್ಲಿ ಬೂಟೇ ಆಗಲ್ಲ, ಎನ್‌ವಿಎಂಇ ಡಿಸ್ಕ್ ಅದಕ್ಕೆ ಕಾಣಲ್ಲ.

ರುಫಸ್ ಅಥವಾ ಎಚರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪೆನ್‌ಡ್ರೈವ್ ತಯಾರು ಮಾಡಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ಬೂಟ್ ಮಾಡಿ. ಡಿಸ್ಕ್‌ಗಳ ಪಟ್ಟಿ ಮಾಡೆಲ್, ಸೀರಿಯಲ್ ನಂಬರ್ ಸಮೇತ ಬರುತ್ತೆ, ನಿಮ್ಮ ಪಟ್ಟಿ ಜೊತೆ ತಾಳೆ ನೋಡ್ಕಳಿ. ಸ್ಪೇಸ್ ಒತ್ತಿದರೆ ಡಿಸ್ಕ್ ಆಯ್ಕೆ. ಎಂ ಒತ್ತಿ "ಫಿಲ್ ವಿತ್ ಝೀರೋಸ್" ಆರಿಸಿ. ವಿ ಒತ್ತಿ ಪರೀಕ್ಷೆಯನ್ನ "ಲಾಸ್ಟ್ ಪಾಸ್"ಗೆ ಇಡಿ. ಶಿಫ್ಟ್ ಹಿಡಿದು ಎಸ್ ಒತ್ತಿದರೆ ಶುರು. ಒಂದು ಮದರ್‌ಬೋರ್ಡ್‌ನಲ್ಲಿ ನಾಲ್ಕು ಸಾಟಾ ಪೋರ್ಟ್ ಇದ್ದರೆ ನಾಲ್ಕೂ ಒಟ್ಟಿಗೆ ಓಡ್ತವೆ, ಹೊತ್ತು ಹೆಚ್ಚೇನೂ ಆಗಲ್ಲ. ಪರೀಕ್ಷೆ ಸೇರಿದರೆ ಮಾತ್ರ ಬರೆಯೋ ಹೊತ್ತಿನಷ್ಟೇ ಓದೋಕೂ ಹಿಡಿಯುತ್ತೆ, ಅಂದ್ರೆ ಎರಡರಷ್ಟು. ಡಿಸ್ಕ್‌ಗಳ ನಡುವೆ ಗಾಳಿ ಆಡೋ ಹಾಗೆ ಇಡಿ, ಒಂದರ ಮೇಲೊಂದು ಪೇರಿಸಿದರೆ ಮುಟ್ಟೋಕಾಗದಷ್ಟು ಬಿಸಿಯಾಗ್ತವೆ. ಹೊಸ ಆವೃತ್ತಿ ಆದ್ರೆ ಕೊನೇಲಿ ಪ್ರತಿ ಡಿಸ್ಕ್‌ಗೂ ಪಿಡಿಎಫ್ ವರದಿ ಕೊಡುತ್ತೆ, ಆಡಿಟ್ ಕಚೇರಿಗೆ ಬೇಕಾಗೋದೇ ಅದು.

ಎಚ್‌ಪಿಎ ನೋಡೋಕೆ ಯಾವುದೇ ಲಿನಕ್ಸ್ ಟರ್ಮಿನಲ್‌ನಲ್ಲಿ ಎಚ್‌ಡಿಪಾರ್ಮ್ ಕಮಾಂಡ್‌ನ ದೊಡ್ಡಕ್ಷರದ ಎನ್ ಆಯ್ಕೆ ಕೊಡಿ. 500 ಜಿಬಿ ಡಿಸ್ಕ್ ಆದ್ರೆ 976773168/976773168 ಅಂತ ಎರಡು ಸಂಖ್ಯೆ ಸಮ ಇರಬೇಕು. ಮೊದಲನೇದು ಕಡಿಮೆ ಇದ್ದರೆ ಅಷ್ಟು ಸೆಕ್ಟರ್ ಮರೆಯಾಗಿದೆ ಅಂತ ಅರ್ಥ. ಎನ್ ಆದ್ಮೇಲೆ ಜಾಗ ಬಿಡದೆ ಸಣ್ಣಕ್ಷರದ ಪಿ, ಅದಕ್ಕೆ ಅಂಟಿಸಿ ಪೂರ್ತಿ ಸಂಖ್ಯೆ ಕೊಟ್ಟು, ಡಿಸ್ಕ್‌ನ ಕರೆಂಟ್ ತೆಗೆದು ಮತ್ತೆ ಹಾಕಿದರೆ ಎಲ್ಲ ಸೆಕ್ಟರ್ ಕಾಣ್ತವೆ. ಆಮೇಲೆ ಅಳಿಸಿ. ಎನ್‌ವೈಪ್ ಕೂಡ ಎಚ್‌ಪಿಎ ಇದ್ದರೆ ಡಿಸ್ಕ್ ಪಟ್ಟಿಯಲ್ಲೇ ಎಚ್ಚರಿಸುತ್ತೆ.

ಕೆಟ್ಟ ಸೆಕ್ಟರ್ ವಿಷಯಕ್ಕೆ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳೋ ಲೆಕ್ಕ) ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್. ಗುಣ ಸಂಖ್ಯೆ 5 ಬದಲಿ ಜಾಗಕ್ಕೆ ಹೋದ ಸೆಕ್ಟರ್, 197 ಅನುಮಾನದಲ್ಲಿರೋ ಸೆಕ್ಟರ್, 198 ಓದೋಕೇ ಆಗದ್ದು. ಮೂರೂ ಸೊನ್ನೆ ಇದ್ದರೆ ಸೊನ್ನೆ ಬರೆದು ನೆಮ್ಮದಿಯಾಗಿರಬಹುದು. 5ರಲ್ಲಿ ಸಂಖ್ಯೆ ಇದ್ದರೆ ಆ ಹಳೇ ಸೆಕ್ಟರ್‌ಗಳಲ್ಲಿ ಡೇಟಾದ ತುಣುಕು ಉಳಿದಿರುತ್ತೆ, ಒಂದೊಂದು 512 ಬೈಟ್ ಅಥವಾ 4096 ಬೈಟ್. ಅಂಥದಕ್ಕೆ ಡಿಸ್ಕ್‌ನ ಒಳಗಿನ ಎನ್‌ಹ್ಯಾನ್ಸ್‌ಡ್ ಸೆಕ್ಯೂರ್ ಇರೇಸ್ ಬಳಸಿ, ಅದು ಬಳಕೆಯಿಂದ ತೆಗೆದ ಸೆಕ್ಟರ್‌ಗಳ ಮೇಲೂ ಬರೆಯಬೇಕು ಅಂತ ಡಿಸ್ಕ್‌ಗಳ ಎಟಿಎ ಮಾನಕದಲ್ಲೇ ಇದೆ. 198 ಏರಿದ್ದರೆ, ಇಲ್ಲಾ ಬರೆಯುವಾಗಲೇ ದೋಷ ಬಂದರೆ ಆ ಡಿಸ್ಕನ್ನ ಶಾಲೆಗೆ ಕೊಡಬೇಡಿ, ಒಡೆಯೋ ಸಾಲಿಗೆ ಸೇರಿಸಿ.

ಸರಸ್ವತಿಪುರಂ ಆಡಿಟ್

ತುಂಬಾ ಉಪಯೋಗ ಆಯ್ತು. ಸೆಕ್ಯೂರ್ ಇರೇಸ್ ಹೇಗೆ ಕೊಡೋದು? ನಡುವೆ ಕರೆಂಟ್ ಹೋದ್ರೆ? ನಮ್ಮ ಕಡೆ ಮಳೆ ಬಂದ್ರೆ ಸೆಸ್ಕ್‌ನೋರು ಯಾವಾಗ ತೆಗೀತಾರೆ ಹೇಳೋಕಾಗಲ್ಲ.

ಮಂಡ್ಯ ಲಿನಕ್ಸ್

ಸೊನ್ನೆ ಬರೆಯುವಾಗ ಕರೆಂಟ್ ಹೋದ್ರೆ ಯೋಚನೆ ಇಲ್ಲ, ಮೊದಲಿಂದ ಶುರು ಮಾಡಿದರಾಯ್ತು. ಸೆಕ್ಯೂರ್ ಇರೇಸ್‌ನಲ್ಲಿ ಮಾತ್ರ ಒಂದು ತೊಡಕು ಐತೆ, ಅದಕ್ಕೇ ಕ್ರಮ ತಿಳ್ಕೊಂಡು ಮಾಡಬೇಕು.

ಮೊದಲು ಎಚ್‌ಡಿಪಾರ್ಮ್‌ಗೆ ದೊಡ್ಡಕ್ಷರದ ಐ ಆಯ್ಕೆ ಕೊಟ್ಟು ಕೊನೇ ಭಾಗದ ಸೆಕ್ಯೂರಿಟಿ ವಿವರ ಓದಿ. "ಸಪೋರ್ಟೆಡ್", "ನಾಟ್ ಎನೇಬಲ್ಡ್", "ನಾಟ್ ಲಾಕ್ಡ್", "ನಾಟ್ ಫ್ರೋಜನ್" ಅಂತ ಇರಬೇಕು. ಎಷ್ಟು ನಿಮಿಷ ಹಿಡಿಯುತ್ತೆ ಅನ್ನೋದೂ ಅಲ್ಲೇ ಬರೆದಿರುತ್ತೆ. ಸುಮಾರು ಬಯಾಸ್‌ಗಳು ಬೂಟ್ ಆಗುವಾಗಲೇ ಡಿಸ್ಕನ್ನ "ಫ್ರೋಜನ್" ಮಾಡಿಬಿಡ್ತವೆ, ವೈರಸ್ ಏನಾರ ಇದೇ ಕಮಾಂಡ್ ಕೊಟ್ಟು ಡೇಟಾ ಅಳಿಸದಿರಲಿ ಅಂತ. ಹಾಗಿದ್ದರೆ ಕಂಪ್ಯೂಟರನ್ನ ಒಮ್ಮೆ ಸಸ್ಪೆಂಡ್‌ಗೆ ಕಳಿಸಿ ಎಬ್ಬಿಸಿ, ಬಹುಪಾಲು ಯಂತ್ರಗಳಲ್ಲಿ ಬಿಟ್ಟುಕೊಳ್ಳುತ್ತೆ.

ಆಮೇಲೆ ಡಿಸ್ಕ್‌ಗೆ ತಾತ್ಕಾಲಿಕ ಪಾಸ್‌ವರ್ಡ್ ಹಾಕಬೇಕು, ಅದು ಇಲ್ಲದೆ ಅಳಿಸೋ ಕಮಾಂಡ್ ಒಪ್ಪಲ್ಲ. ಪಾಸ್‌ವರ್ಡ್ "ಪಿ" ಅನ್ನೋ ಒಂದೇ ಸಣ್ಣಕ್ಷರ ಇರಲಿ. ಯೂಸರ್-ಮಾಸ್ಟರ್ ಜಾಗದಲ್ಲಿ "ಯು", ಸೆಕ್ಯೂರಿಟಿ-ಸೆಟ್-ಪಾಸ್ ಜಾಗದಲ್ಲಿ "ಪಿ". ನಂತರ ಸೆಕ್ಯೂರಿಟಿ-ಇರೇಸ್-ಎನ್‌ಹ್ಯಾನ್ಸ್‌ಡ್ ಆಯ್ಕೆಗೆ ಅದೇ "ಪಿ". ಮುಗಿದ ಮೇಲೆ ಪಾಸ್‌ವರ್ಡ್ ತಾನಾಗೇ ಹೋಗುತ್ತೆ.

ನಡುವೆ ಕರೆಂಟ್ ಹೋದರೆ ಡಿಸ್ಕ್ ಪಾಸ್‌ವರ್ಡ್ ಹಾಕಿಕೊಂಡೇ ಲಾಕ್ ಆಗಿ ಕೂರುತ್ತೆ. ವಿಂಡೋಸ್‌ಗೆ ಹಾಕಿದರೆ ಸತ್ತುಹೋದ ಹಾಗೆ ಕಾಣುತ್ತೆ, ಸುಮಾರು ಜನ ಆಗ ಬಿಸಾಕ್ತಾರೆ. ಸತ್ತಿರಲ್ಲ. ಅದೇ ಇರೇಸ್ ಕಮಾಂಡ್ ಅದೇ ಪಾಸ್‌ವರ್ಡ್‌ನಲ್ಲಿ ಮತ್ತೆ ಕೊಟ್ಟರೆ ಅಳಿಸಿ ಬಿಟ್ಟುಕೊಡುತ್ತೆ. ಪಾಸ್‌ವರ್ಡ್ ಒಂದಕ್ಷರ ಇರಲಿ ಅಂದದ್ದು ಇದಕ್ಕೇ. ಚಿಕ್ಕ 600 ವಿಎ ಯುಪಿಎಸ್ ಎರಡು ಗಂಟೆ ಎಳೆಯಲ್ಲ, ಮನೆಯ ಇನ್ವರ್ಟರ್ ಲೈನ್‌ನಲ್ಲಿ ಹಾಕಿ. ಈ ಕೆಲಸಕ್ಕೆ ಯುಎಸ್‌ಬಿ ಅಡಾಪ್ಟರ್ ಬೇಡ, ಎಷ್ಟೋ ಅಡಾಪ್ಟರ್ ಈ ಕಮಾಂಡ್‌ಗಳನ್ನ ಡಿಸ್ಕ್‌ವರೆಗೆ ದಾಟಿಸಲ್ಲ, ಅರ್ಧಂಬರ್ಧ ದಾಟಿಸಿದರೆ ಇನ್ನೂ ಕಷ್ಟ.

ಬೋಗಾದಿ ಭದ್ರತೆ

ಈಗ ಎಸ್‌ಎಸ್‌ಡಿ. ಇದನ್ನ ಬಿಡಿಸಿ ಹೇಳಬೇಕು, ಯಾಕಂದ್ರೆ ಹಾರ್ಡ್ ಡಿಸ್ಕ್‌ಗೆ ಸರಿ ಅನ್ನಿಸಿದ್ದು ಇಲ್ಲಿ ಕೈಕೊಡುತ್ತೆ.

ಹಾರ್ಡ್ ಡಿಸ್ಕ್‌ನಲ್ಲಿ ನೂರನೇ ಸೆಕ್ಟರ್‌ಗೆ ಸೊನ್ನೆ ಬರೆ ಅಂದ್ರೆ ಹಳೇದಿದ್ದ ಜಾಗದ ಮೇಲೇ ಬರೆಯುತ್ತೆ. ಎಸ್‌ಎಸ್‌ಡಿ ಹಾಗೆ ಮಾಡಲ್ಲ. ಫ್ಲ್ಯಾಶ್ ಪುಟಕ್ಕೆ ಬರೆಯಬೇಕಾದರೆ ಮೊದಲು ಇಡೀ ಬ್ಲಾಕ್ ಅಳಿಸಬೇಕು, ಪ್ರತಿ ಬ್ಲಾಕ್‌ಗೂ ಇಷ್ಟೇ ಸಲ ಅಂತ ಮಿತಿ ಇರುತ್ತೆ. ಅದಕ್ಕೇ ಎಸ್‌ಎಸ್‌ಡಿ ಒಳಗಿನ ಕಂಟ್ರೋಲರ್ ಚಿಪ್ ಹೊಸ ಬರಹವನ್ನ ಬೇರೆ ಬ್ಲಾಕ್‌ಗೆ ಹಾಕಿ, ತನ್ನ ನಕ್ಷೆಯಲ್ಲಿ "ನೂರನೇ ಸೆಕ್ಟರ್ ಈಗ ಇಲ್ಲಿದೆ" ಅಂತ ತಿದ್ದಿಕೊಳ್ಳುತ್ತೆ. ಹಳೇ ಬ್ಲಾಕ್‌ನಲ್ಲಿ ನಿಮ್ಮ ಪ್ಯಾನ್ ಸ್ಕ್ಯಾನ್ ಹಾಗೇ ಉಳಿದಿರುತ್ತೆ, ಕಂಟ್ರೋಲರ್‌ಗೆ ಬಿಡುವಾದಾಗ ಅಳಿಸುತ್ತೆ. ಜೊತೆಗೆ 256 ಜಿಬಿ ಡಿಸ್ಕ್‌ನ ಒಳಗಿನ ಫ್ಲ್ಯಾಶ್ ಅದಕ್ಕಿಂತ ಜಾಸ್ತಿ ಇರುತ್ತೆ, ಕಂಪ್ಯೂಟರ್‌ಗೆ ತೋರಿಸೋದಕ್ಕಿಂತ ಸುಮಾರು ಶೇ. 7ರಷ್ಟಾದರೂ ಹೆಚ್ಚು. ಆ ಭಾಗಕ್ಕೆ ಹೊರಗಿನಿಂದ ವಿಳಾಸವೇ ಇಲ್ಲ, ಯಾವ ಸಾಫ್ಟ್‌ವೇರ್ ಬರೆದರೂ ಅಲ್ಲಿಗೆ ಹೋಗೋ ಖಾತ್ರಿ ಇಲ್ಲ. "ಕ್ಲೀನ್ ಆಲ್", ಎನ್‌ವೈಪ್ ಎರಡಕ್ಕೂ ಈ ಮಾತು ಅನ್ವಯಿಸುತ್ತೆ.

ಆದ್ದರಿಂದ ಅಳಿಸು ಅಂತ ಕಂಟ್ರೋಲರ್‌ಗೇ ಹೇಳಬೇಕು. ಸುಲಭದ ದಾರಿ ಬಯಾಸ್. ಡೆಲ್‌ನ ಕಚೇರಿ ಮಾದರಿಗಳಲ್ಲಿ ಡೇಟಾ ವೈಪ್, ಎಚ್‌ಪಿಯ ಕಚೇರಿ ಮಾದರಿಗಳಲ್ಲಿ ಸೆಕ್ಯೂರ್ ಇರೇಸ್ ಅಂತ ಆಯ್ಕೆ ಇರುತ್ತೆ. ಇಲ್ಲದಿದ್ದರೆ ಉಬುಂಟು ಲೈವ್ ಪೆನ್‌ಡ್ರೈವ್‌ನಲ್ಲಿ ಬೂಟ್ ಮಾಡಿ ಎನ್‌ವಿಎಂಇ-ಸಿಎಲ್‌ಐ ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ. "ಎನ್‌ವಿಎಂಇ ಫಾರ್ಮ್ಯಾಟ್" ಕಮಾಂಡ್‌ಗೆ ಡಿಸ್ಕ್ ಹೆಸರು ಮತ್ತು ಎಸ್‌ಇಎಸ್ (ಅಳಿಸೋ ರೀತಿ) ಆಯ್ಕೆಗೆ 1 ಕೊಟ್ಟರೆ ಬಳಕೆದಾರರ ಡೇಟಾ ಪೂರ್ತಿ ಅಳಿಯುತ್ತೆ. 2 ಕೊಟ್ಟರೆ ಒಳಗಿನ ಗೂಢಲಿಪಿ ಕೀಲಿಯನ್ನ ನಾಶ ಮಾಡುತ್ತೆ, ಡಿಸ್ಕ್ ಅದನ್ನ ಬೆಂಬಲಿಸಿದರೆ ಮಾತ್ರ. ಎಸ್‌ಇಎಸ್ ಕೊಡದೆ ಬರೀ ಫಾರ್ಮ್ಯಾಟ್ ಅಂದ್ರೆ ಅಳಿಸುವ ಭರವಸೆ ಇಲ್ಲ, ಈ ಅಂಕಿ ಬಿಡಬೇಡಿ. ಹೊಸ ಡಿಸ್ಕ್‌ಗಳಲ್ಲಿ "ಸ್ಯಾನಿಟೈಸ್" ಅನ್ನೋ ಇನ್ನೂ ಗಟ್ಟಿ ಕಮಾಂಡ್ ಇದೆ: ಕ್ರಿಯೆ ಸಂಖ್ಯೆ 2 ಬ್ಲಾಕ್ ಅಳಿಸೋದು, 4 ಕೀಲಿ ನಾಶ. ನಡುವೆ ಕರೆಂಟ್ ಹೋದರೂ ಮತ್ತೆ ಕರೆಂಟ್ ಬಂದಾಗ ಅದು ತಾನೇ ಮುಂದುವರಿಸುತ್ತೆ. ಮುಗಿಯಿತಾ ಅಂತ "ಸ್ಯಾನಿಟೈಸ್-ಲಾಗ್"ನಲ್ಲಿ ನೋಡಿ. ಡಿಸ್ಕ್‌ಗೆ ಗಂಟೆಗಟ್ಟಲೆ ಬೇಕಿಲ್ಲ, ಬಹಳಷ್ಟು ಸಲ ಸೆಕೆಂಡ್ ಅಥವಾ ಕೆಲವೇ ನಿಮಿಷ.

ಲಿನಕ್ಸ್‌ನಲ್ಲಿ ಡಿಸ್ಕೇ ಕಾಣಿಸ್ತಿಲ್ಲ ಅಂದ್ರೆ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನೋ ಸೆಟ್ಟಿಂಗ್ ಆನ್ ಇರಬಹುದು. ಅದನ್ನ ಎಎಚ್‌ಸಿಐಗೆ ಬದಲಿಸಿ.

ವಿಂಡೋಸ್‌ನ "ರೀಸೆಟ್ ದಿಸ್ ಪಿಸಿ"ಯಲ್ಲಿ "ರಿಮೂವ್ ಎವೆರಿಥಿಂಗ್" ಕೊಟ್ಟು, ಸೆಟ್ಟಿಂಗ್ಸ್ ಬದಲಿಸಿ "ಕ್ಲೀನ್ ಡೇಟಾ" ಆನ್ ಮಾಡೋದು ಮನೆಯ ಲ್ಯಾಪ್‌ಟಾಪ್ ನೆಂಟರಿಗೆ ಕೊಡುವಾಗ ಸಾಕು. ಆಡಿಟ್ ಕಚೇರಿಯ ಡೇಟಾಗೆ ಅಷ್ಟರ ಮೇಲೆ ನಿಲ್ಲಬೇಡಿ.

ಕೆಆರ್ ಮೊಹಲ್ಲಾ ಸ್ಟುಡಿಯೊ

ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಗೂಢಲಿಪಿ) ಹಾಕಿದ್ದ ಡಿಸ್ಕ್ ಆದ್ರೆ ಕೀಲಿ ಬಿಸಾಕಿದರೆ ಸಾಕಲ್ವಾ? ಅಳಿಸೋದೇ ಬೇಡ.

ಬೋಗಾದಿ ಭದ್ರತೆ

ಮೊದಲ ದಿನದಿಂದ ಪೂರ್ತಿ ಡಿಸ್ಕ್‌ಗೆ ಹಾಕಿದ್ದರೆ ಬಹುಮಟ್ಟಿಗೆ ಹೌದು. ನಾಲ್ಕು ವರ್ಷ ಬಳಸಿ ಕೊನೇ ವಾರ ಬಿಟ್‌ಲಾಕರ್ ಹಾಕಿ, "ಯೂಸ್ಡ್ ಡಿಸ್ಕ್ ಸ್ಪೇಸ್ ಓನ್ಲಿ" ಅಂತ ಆರಿಸಿದ್ದರೆ ಅದಕ್ಕೆ ಮುಂಚೆ ಡಿಲೀಟ್ ಮಾಡಿದ ಫೈಲ್‌ಗಳು ಗೂಢಲಿಪಿ ಇಲ್ಲದೇ ಹಾಗೇ ಇರ್ತವೆ. "ಎಂಟೈರ್ ಡ್ರೈವ್" ಆರಿಸಬೇಕು. ಇನ್ನೊಂದು ಎಚ್ಚರಿಕೆ: ಕೆಲವು ಎಸ್‌ಎಸ್‌ಡಿಗಳ ಒಳಗಿನ ಗೂಢಲಿಪಿಯಲ್ಲೇ ಲೋಪ ಇದೆ ಅಂತ ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದರು. ಆಗ ಬಿಟ್‌ಲಾಕರ್ ಆ ಡಿಸ್ಕ್‌ಗಳನ್ನ ನಂಬಿ ತಾನು ಸುಮ್ಮನಿರುತ್ತಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಅದನ್ನ ಬದಲಿಸಿ, ಹೊಸದಾಗಿ ಹಾಕುವಾಗ ಸಾಫ್ಟ್‌ವೇರ್ ಗೂಢಲಿಪಿಯನ್ನೇ ಬಳಸೋ ಹಾಗೆ ಮಾಡಿತು. ಅದಕ್ಕೂ ಹಿಂದೆ ಹಾಕಿದ್ದರೆ ಹಳೇ ರೀತಿಯಲ್ಲೇ ಇರಬಹುದು. ಬಿಟ್‌ಲಾಕರ್ ಇದ್ದರೂ ಕಂಟ್ರೋಲರ್ ಕಮಾಂಡ್ ಕೊಟ್ಟೇ ಮುಗಿಸಿ, ಐದು ನಿಮಿಷದ ಕೆಲಸ. ರಿಕವರಿ ಕೀಲಿಯ ಪ್ರಿಂಟ್ ಫೈಲ್‌ನಲ್ಲಿ ಇಟ್ಟಿದ್ದರೆ ಅದನ್ನೂ ಹರಿದುಹಾಕಿ.

ಪಾಂಡವಪುರ ಸಿಸಿಟಿವಿ

ಡಿವಿಆರ್ ಡಿಸ್ಕ್ ಬಗ್ಗೆ ಯಾರೂ ಹೇಳಲಿಲ್ಲ, ಬರೀತೀನಿ. ಡಿವಿಆರ್ ಮೆನುವಿನ "ಎಚ್‌ಡಿಡಿ ಫಾರ್ಮ್ಯಾಟ್" ಕೆಲವೇ ಸೆಕೆಂಡ್‌ನಲ್ಲಿ ಮುಗಿಯುತ್ತೆ. ಅಷ್ಟು ಬೇಗ 2 ಟಿಬಿ ಬರೆಯೋಕೆ ಯಾವ ಡಿಸ್ಕ್‌ಗೂ ಆಗಲ್ಲ, ಅದು ಪಟ್ಟಿ ಮಾತ್ರ ಒರೆಸೋದು. ಡಿಸ್ಕ್ ಬಿಚ್ಚಿ ಕಂಪ್ಯೂಟರ್‌ಗೆ ಹಾಕಿದರೆ ವಿಂಡೋಸ್ "ನಾಟ್ ಇನಿಷಿಯಲೈಸ್ಡ್" ಅನ್ನುತ್ತೆ. ಡಿವಿಆರ್ ಕಂಪನಿಗಳು ತಮ್ಮದೇ ಫೈಲ್ ವ್ಯವಸ್ಥೆ ಬಳಸೋದರಿಂದ ಹಾಗೆ ಕಾಣೋದು, ಖಾಲಿ ಅಂತ ಅಲ್ಲ. ಅದನ್ನ ಓದೋ ಸಾಫ್ಟ್‌ವೇರ್‌ಗಳು ಇವೆ. ಇನಿಷಿಯಲೈಸ್ ಮಾಡೋ ಅಗತ್ಯವೂ ಇಲ್ಲ, ನೇರ ಡಿಸ್ಕ್‌ಪಾರ್ಟ್‌ನಲ್ಲಿ ಆರಿಸಿ ಕ್ಲೀನ್ ಆಲ್ ಕೊಡಿ. 2 ಟಿಬಿಗೆ ಐದಾರು ಗಂಟೆ, ರಾತ್ರಿ ಹಾಕಿಟ್ಟರೆ ಬೆಳಗ್ಗೆ ಮುಗಿದಿರುತ್ತೆ.

ಡಿವಿಆರ್ ಪೆಟ್ಟಿಗೆಯನ್ನೂ ಫ್ಯಾಕ್ಟರಿ ರೀಸೆಟ್ ಮಾಡಿ. ಮೊಬೈಲ್‌ನಲ್ಲಿ ನೋಡೋ ಖಾತೆ ಮತ್ತು ಮೇಲ್ ಪಾಸ್‌ವರ್ಡ್ ಡಿಸ್ಕ್‌ನಲ್ಲಿರಲ್ಲ, ಬೋರ್ಡ್ ಮೇಲಿನ ಚಿಪ್‌ನಲ್ಲಿರುತ್ತೆ.

ಕಚೇರಿಯಲ್ಲಿ ದೊಡ್ಡ ಜೆರಾಕ್ಸ್ ಯಂತ್ರ ಇದ್ದರೆ ಅದನ್ನೂ ನೋಡಿ. ಸ್ಕ್ಯಾನ್, ಪ್ರಿಂಟ್ ಎಲ್ಲ ಮಾಡೋ ದೊಡ್ಡ ಮಾದರಿಗಳ ಒಳಗೆ ಡಿಸ್ಕ್ ಇರ್ತದೆ, ಅದರಲ್ಲಿ ಸ್ಕ್ಯಾನ್‌ಗಳು ಉಳಿದಿರಬಹುದು. ಅಡ್ಮಿನ್ ಮೆನುವಿನಲ್ಲಿ ಡಿಸ್ಕ್ ಓವರ್‌ರೈಟ್ ಆಯ್ಕೆ ಹುಡುಕಿ. ಬಾಡಿಗೆ ಯಂತ್ರ ಆದ್ರೆ ವಾಪಸ್ ಕೊಡುವಾಗ ಡಿಸ್ಕ್ ಅಳಿಸಿದ್ದಕ್ಕೆ ಬರವಣಿಗೆಯಲ್ಲಿ ತಗೊಳ್ಳಿ.

ಹೆಬ್ಬಾಳ ಹಾರ್ಡ್‌ವೇರ್

ಇನ್ನು ಕಟಕಟ ಅನ್ನೋ ಡಿಸ್ಕ್. ಅದು ಓದೋ ತಲೆ ಕೆಟ್ಟಿರೋದರ ಸದ್ದು. ಪ್ಲ್ಯಾಟರ್ ಮೇಲೆ ಡೇಟಾ ಹಾಗೇ ಇರುತ್ತೆ, ತಲೆ ಬದಲಿಸಿದರೆ ಡೇಟಾ ತೆಗೆಯೋರು ಇದಾರೆ. ಹಾಗೇ ಕೆಳಗಿನ ಹಸಿರು ಬೋರ್ಡ್ ಮಾತ್ರ ಒಡೆದರೆ ಪ್ರಯೋಜನ ಇಲ್ಲ, ಅದೇ ಮಾದರಿಯ ಬೋರ್ಡ್ ಹಾಕಿ, ಹಳೇದರ ಆರ್‌ಒಎಂ ಚಿಪ್ (ಆ ಡಿಸ್ಕ್‌ನದೇ ಮಾಹಿತಿ ಇರೋದು) ಬೆಸುಗೆ ಹಾಕಿ ಓಡಿಸ್ತಾರೆ. ಪ್ಲ್ಯಾಟರ್‌ಗೇ ಏಟು ಬೀಳಬೇಕು.

ಮೂರೂವರೆ ಇಂಚಿನದಾದರೆ ವೈಸ್‌ನಲ್ಲಿ ಬಿಗಿದು, ಡ್ರಿಲ್‌ಗೆ 6ರಿಂದ 8 ಮಿಲಿಮೀಟರ್ ಎಚ್‌ಎಸ್‌ಎಸ್ (ಲೋಹ ಕೊರೆಯೋ) ಬಿಟ್ ಹಾಕಿ, ನಡುವಿನ ಮೋಟರ್ ಬಿಟ್ಟು ಸುತ್ತ ಮೂರು ನಾಲ್ಕು ಕಡೆ ಆಚೆಯಿಂದ ಈಚೆಗೆ ತೂತು ಕೊರೆಯಿರಿ. ವೇಗ ಕಡಿಮೆ ಇರಲಿ. ಇಲ್ಲಾ ಮುಚ್ಚಳ ಬಿಚ್ಚಿ. ಸ್ಕ್ರೂಗಳು ಟಾರ್ಕ್ಸ್ ಟಿ8, ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಟಿ6 ಅಥವಾ ಟಿ5 ಬೇಕಾಗಬಹುದು. ಎಲ್ಲ ಬಿಚ್ಚಿದರೂ ಮುಚ್ಚಳ ಏಳ್ತಿಲ್ಲ ಅಂದ್ರೆ ಲೇಬಲ್ ಅಡಿಯಲ್ಲಿ ಇನ್ನೊಂದು ಸ್ಕ್ರೂ ಇರುತ್ತೆ, ಬೆರಳಿನಿಂದ ಒತ್ತಿ ನೋಡಿದರೆ ತಗ್ಗು ಸಿಗುತ್ತೆ. ಅಲ್ಯೂಮಿನಿಯಂ ಪ್ಲ್ಯಾಟರ್‌ಗಳನ್ನ ಇಕ್ಕಳದಲ್ಲಿ ಹಿಡಿದು ಬಾಗಿಸಿ, ಎರಡೂ ಕಡೆ ಒರಟು ಮರಳು ಕಾಗದದಲ್ಲಿ ಉಜ್ಜಿ.

ಲ್ಯಾಪ್‌ಟಾಪ್ ಡಿಸ್ಕ್‌ನ ಪ್ಲ್ಯಾಟರ್ ಸಾಮಾನ್ಯವಾಗಿ ಗಾಜು. ಬಾಗಿಸೋಕೆ ಹೋದರೆ ಸಿಡಿದು ಚೂರಾಗುತ್ತೆ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಹಳೇ ಜೀನ್ಸ್ ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ ಸುತ್ತಿಗೆಯಲ್ಲಿ ಹೊಡೆದರೆ ಚೂರು ಹಾರಲ್ಲ. ಒಳಗಿನ ನಿಯೋಡಿಮಿಯಂ ಆಯಸ್ಕಾಂತ ಎರಡು ಒಂದಕ್ಕೊಂದು ಅಂಟುವಾಗ ಬೆರಳು ಸಿಕ್ಕಿದರೆ ಚರ್ಮ ಕಿತ್ತುಬರುತ್ತೆ, ಪೇಸ್‌ಮೇಕರ್ ಇರೋರ ಹತ್ತಿರ ತರಲೇಬೇಡಿ. ಆ ಆಯಸ್ಕಾಂತವನ್ನ ಡಿಸ್ಕ್ ಮೇಲೆ ಉಜ್ಜಿ ಡೇಟಾ ಅಳಿಸ್ತೀವಿ ಅನ್ನೋದೂ ಆಗದ ಮಾತು. ಡಿಗಾಸರ್ ಯಂತ್ರದ ಕ್ಷೇತ್ರ ಬಹಳ ಜೋರು. ಎಸ್‌ಎಸ್‌ಡಿಗೆ ಅದೂ ಕೆಲಸ ಮಾಡಲ್ಲ, ಫ್ಲ್ಯಾಶ್‌ನಲ್ಲಿ ಕಾಂತೀಯವಾದ್ದು ಏನೂ ಇಲ್ಲ.

ಕೆಟ್ಟುಹೋದ ಎಸ್‌ಎಸ್‌ಡಿ ಒಡೆಯೋದಾದರೆ ಬೋರ್ಡ್ ಮುರಿದರೆ ಸಾಲದು. ಪ್ರತಿ ಕಪ್ಪು ಚೌಕದ ಫ್ಲ್ಯಾಶ್ ಚಿಪ್ ಬಿರುಕು ಬಿಟ್ಟು ಪುಡಿಯಾಗಬೇಕು, ಬೋರ್ಡ್‌ನ ಎರಡೂ ಬದಿ ನೋಡಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗೂ ಅಷ್ಟೆ. ಯಾವುದನ್ನೂ ಬೆಂಕಿಗೆ ಹಾಕಬೇಡಿ, ಪ್ಲಾಸ್ಟಿಕ್ ಮತ್ತು ಬೋರ್ಡ್‌ನ ಹೊಗೆ ವಿಷ.

ವಿವಿ ಮೊಹಲ್ಲಾ ನೆಟ್‌ವರ್ಕ್

ಹಾಗಾದ್ರೆ ಎಲ್ಲದಕ್ಕೂ ಡ್ರಿಲ್ ಹಿಡಿಯೋದೇ ಸುಲಭ ಅಲ್ವಾ? ಎರಡು ಗಂಟೆ ಕಾಯೋದ್ಯಾಕೆ?

ಮಂಡ್ಯ ಲಿನಕ್ಸ್

ಚೆನ್ನಾಗಿರೋ ಡಿಸ್ಕ್‌ಗೆ ತೂತು ಹಾಕೋದನ್ನ ನಾನು ಒಪ್ಪಲ್ಲ. ಸರಿಯಾಗಿ ಸೊನ್ನೆ ಬರೆದು ಪರೀಕ್ಷಿಸಿದ 500 ಜಿಬಿ ಡಿಸ್ಕ್ ಹಳ್ಳಿ ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಇನ್ನೂ ಕೆಲವು ವರ್ಷ ದುಡಿಯುತ್ತೆ. ತೂತು ಬಿದ್ದ ಮೇಲೂ ಉಳಿದ ಭಾಗದಲ್ಲಿ ಡೇಟಾ ಇದ್ದೇ ಇರುತ್ತೆ, ಓದೋದು ಬಲು ಕಷ್ಟ ಅಷ್ಟೆ. ಸೊನ್ನೆ ಬರೆದ ಡಿಸ್ಕ್‌ನಲ್ಲಿ ಓದೋಕೆ ಏನೂ ಇರಲ್ಲ. ಓಡ್ತಿರೋದನ್ನ ಅಳಿಸಿ, ಓಡದೇ ಇರೋದನ್ನ ಒಡೆಯಿರಿ.

ಪರೀಕ್ಷೆ ಮಾಡೋ ಕ್ರಮ ಹೇಳ್ತೀನಿ. ಲಿನಕ್ಸ್‌ನಲ್ಲಿ "ಸಿಎಂಪಿ" ಕಮಾಂಡ್‌ಗೆ ಡಿಸ್ಕ್ ಹೆಸರು ಮತ್ತು ಡೆವ್-ಝೀರೋ (ಬರೀ ಸೊನ್ನೆ ಕೊಡೋ ಲಿನಕ್ಸ್ ಫೈಲ್) ಎರಡನ್ನೂ ಕೊಡಿ. ಪೂರ್ತಿ ಓದಿ ಕೊನೇಲಿ ಡಿಸ್ಕ್ ಮೇಲೆ "ಇಒಎಫ್" ಅಂತ ಬಂದರೆ ಎಲ್ಲ ಸೊನ್ನೆ. "ಡಿಫರ್" ಅಂತ ಬೈಟ್ ಸಂಖ್ಯೆ ತೋರಿಸಿದರೆ ಅಲ್ಲಿ ಏನೋ ಉಳಿದಿದೆ. ಒಂದು ಎಚ್ಚರಿಕೆ, ಅಳಿಸಿದ ಮೇಲೆ ವಿಂಡೋಸ್‌ಗೆ ಹಾಕಿ "ಇನಿಷಿಯಲೈಸ್" ಒತ್ತಿದರೆ ಅದು ಹೊಸ ಪಾರ್ಟಿಷನ್ ಪಟ್ಟಿ ಬರೆಯುತ್ತೆ, ಆಗ ಪರೀಕ್ಷೆ ಸುಮ್ಮನೆ ಫೇಲ್ ಆಗುತ್ತೆ. ಮೊದಲು ಪರೀಕ್ಷೆ ಮುಗಿಸಿ. ವಿಂಡೋಸ್‌ನವರು ಎಚ್‌ಎಕ್ಸ್‌ಡಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್ ತೆರೆದು ಆರಂಭ, ನಡು, ಕೊನೆ ಭಾಗ ನೋಡಬಹುದು. ಎನ್‌ಹ್ಯಾನ್ಸ್‌ಡ್ ಇರೇಸ್ ಅಥವಾ ಕೀಲಿ ನಾಶ ಮಾಡಿದ ಡಿಸ್ಕ್‌ನಲ್ಲಿ ಸೊನ್ನೆ ಬದಲು ಬೇರೇನೋ ಕಾಣಬಹುದು. ಅಂಥ ಕಡೆ ಫೋಟೊರೆಕ್ ಓಡಿಸಿ, ಒಂದು ಫೈಲೂ ಸಿಗದಿದ್ದರೆ ಸರಿ.

ಸರಸ್ವತಿಪುರಂ ಆಡಿಟ್

ಒಡೆದ ಮೇಲೆ ಚೂರುಗಳನ್ನ ಮಾಮೂಲಿ ಗುಜರಿಗೆ ಹಾಕಬಹುದಾ? ಮತ್ತೆ ಕಾನೂನಿನ ಪ್ರಕಾರ ನಮ್ಮ ಹತ್ತಿರ ಏನು ದಾಖಲೆ ಇರಬೇಕು?

ಬೋಗಾದಿ ಭದ್ರತೆ

ಕಸದ ಗಾಡಿಗೂ ಬೇಡ, ಮಾಮೂಲಿ ಗುಜರಿಗೂ ಬೇಡ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದ ಮರುಬಳಕೆದಾರರಿಗೇ ಹೋಗಬೇಕು. ಮಂಡಳಿಯ ಪೋರ್ಟಲ್‌ನಲ್ಲಿ ಅವರ ಹೆಸರು ಇದೆಯಾ ನೋಡಿ, ನೋಂದಣಿ ಪತ್ರದ ಪ್ರತಿ ಕೇಳಿ. ಬರೀ ತೂಕದ ರಸೀದಿ ಸಾಲದು, ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್ ಇರೋ ನಾಶದ ಪ್ರಮಾಣಪತ್ರ ಕೇಳಿ. ಅವರೇ ಪುಡಿ ಮಾಡ್ತಾರೆ ಅಂದರೂ ಓಡೋ ಡಿಸ್ಕ್‌ಗಳನ್ನ ಇಲ್ಲಿಂದ ಹೊರಡೋ ಮುಂಚೆಯೇ ಅಳಿಸಿಡಿ. ದಾರಿಯಲ್ಲಿ, ಗೋದಾಮಿನಲ್ಲಿ ಎಷ್ಟು ದಿನ ಯಾರ ಕೈಯಲ್ಲಿರುತ್ತೆ ಅಂತ ನಿಮಗೆ ಗೊತ್ತಿರಲ್ಲ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಡೇಟಾ ಸೋರದಂತೆ ಸೂಕ್ತ ರಕ್ಷಣೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ಅದು ಗರಿಷ್ಠ ಮಿತಿ. ಆದರೆ ಕ್ಲೈಂಟ್ ನಂಬಿ ಕೊಟ್ಟ ಕಾಗದ ಬೀದಿಗೆ ಬರಬಾರದು ಅನ್ನೋದಕ್ಕೆ ದಂಡದ ಮಾತೇ ಬೇಕಿಲ್ಲ.

ರಿಜಿಸ್ಟರ್‌ನಲ್ಲಿ ಇಷ್ಟು ಕಾಲಂ ಇರಲಿ: ಡಿಸ್ಕ್‌ನ ಮಾಡೆಲ್, ಸೀರಿಯಲ್ ನಂಬರ್, ಯಾವ ಯಂತ್ರದ್ದು, ಯಾವ ವಿಧಾನದಲ್ಲಿ ಅಳಿಸಿದ್ದು, ಪರೀಕ್ಷೆಯ ಫಲಿತಾಂಶ, ದಿನಾಂಕ, ಮಾಡಿದವರ ಸಹಿ, ಯಾರಿಗೆ ಕೊಟ್ಟದ್ದು. ಎನ್‌ವೈಪ್‌ನ ಪಿಡಿಎಫ್ ಪ್ರಿಂಟ್ ತೆಗೆದು ಜೊತೆಗಿಡಿ.

ಹೆಬ್ಬಾಳ ಹಾರ್ಡ್‌ವೇರ್

ಶಾಲೆಗೆ ಕೊಡೋ ಡಿಸ್ಕ್‌ಗಳಿಗೆ ಸೇರಿಸ್ತೀನಿ. ಸ್ಮಾರ್ಟ್‌ನಲ್ಲಿ 5, 197, 198 ಮೂರನ್ನೂ ಅಳಿಸೋಕೆ ಮುಂಚೆ ಒಮ್ಮೆ, ಅಳಿಸಿದ ಮೇಲೆ ಒಮ್ಮೆ ನೋಡಿ. ಪೂರ್ತಿ ಬರೆದಾಗಲೇ ಎಷ್ಟೋ ದುರ್ಬಲ ಸೆಕ್ಟರ್‌ಗಳು ಬಯಲಿಗೆ ಬರ್ತವೆ. ಎರಡನೇ ಸಲ 5ರ ಸಂಖ್ಯೆ ಏರಿದ್ದರೆ ಆ ಡಿಸ್ಕ್ ಮಕ್ಕಳ ಕೆಲಸಕ್ಕೆ ಬೇಡ. ಗುಣ ಸಂಖ್ಯೆ 9 ಒಟ್ಟು ಓಡಿದ ಗಂಟೆ, ಅದನ್ನ ಬರೆದು ಡಿಸ್ಕ್ ಮೇಲೆ ಚೀಟಿ ಅಂಟಿಸಿ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳು ಹಳೇ ಕಂಪ್ಯೂಟರ್‌ಗಳ ಹಿಂದಿನ ಪೋರ್ಟ್‌ನಲ್ಲೇ ಉಳಿದಿರ್ತವೆ, ಕ್ಯಾಬಿನೆಟ್ ಹೊರಗೆ ಹೋಗೋ ಮುಂಚೆ ಹಿಂಭಾಗ ನೋಡಿ. ಡಿವಿಡಿ ಡ್ರೈವ್ ಕೂಡ ತೆರೆದು ನೋಡಿ, ಬ್ಯಾಕಪ್ ಸಿಡಿ ಒಳಗೇ ಇರಬಹುದು. ಕರೆಂಟ್ ಇಲ್ಲದ ಡ್ರೈವ್‌ನ ಮುಂದಿನ ಸಣ್ಣ ತೂತಿಗೆ ಬಿಡಿಸಿದ ಜೆಮ್ ಕ್ಲಿಪ್ ತಳ್ಳಿದರೆ ಟ್ರೇ ಹೊರಗೆ ಬರುತ್ತೆ.

ಸರಸ್ವತಿಪುರಂ ಆಡಿಟ್

ಎಲ್ಲರಿಗೂ ಧನ್ಯವಾದ. ಕ್ರಮ ಹೀಗೆ ಇಟ್ಕೊಂಡಿದೀವಿ: ಐದು ಡೆಸ್ಕ್‌ಟಾಪ್ ಡಿಸ್ಕ್ ಮತ್ತೆ 1 ಟಿಬಿಯದಕ್ಕೆ ಸ್ಮಾರ್ಟ್ ನೋಡಿ ಎನ್‌ವೈಪ್, ಎಸ್‌ಎಸ್‌ಡಿಗೆ ಬಯಾಸ್‌ನಿಂದ, ಡಿವಿಆರ್‌ದಕ್ಕೆ ರಾತ್ರಿ ಕ್ಲೀನ್ ಆಲ್, ಕಟಕಟ ಅನ್ನೋದನ್ನ ಡ್ರಿಲ್ ಮಾಡಿ ಪ್ರಮಾಣಪತ್ರದ ಜೊತೆ ಮರುಬಳಕೆಗೆ. 1 ಟಿಬಿಯದರಲ್ಲಿ 197 ಈಗಲೇ 8 ತೋರಿಸ್ತಿದೆ. ಅದಕ್ಕೆ ಸೊನ್ನೆ ಬರೆದರೆ ಸಾಕಾ, ಒಡೆಯೋದಾ?

ಮಂಡ್ಯ ಲಿನಕ್ಸ್

ಮೊದಲು ಸೊನ್ನೆ ಬರೀರಿ ಸರ್. ಅನುಮಾನದ ಸೆಕ್ಟರ್‌ಗೆ ಬರೆಯೋಕೆ ಹೋದಾಗ ಡಿಸ್ಕ್ ಒಂದೋ ಅಲ್ಲೇ ಸರಿಯಾಗಿ ಬರೆದುಕೊಳ್ಳುತ್ತೆ, ಇಲ್ಲಾ ಬದಲಿ ಜಾಗಕ್ಕೆ ಕಳಿಸುತ್ತೆ. 197 ಸೊನ್ನೆಗೆ ಇಳಿದು 5 ಏರದೇ ಇದ್ದರೆ ಡಿಸ್ಕ್ ಬಳಸಬಹುದು. 197 ಇಳಿದು 5 ಅಷ್ಟೇ ಏರಿದ್ದರೆ ಎನ್‌ಹ್ಯಾನ್ಸ್‌ಡ್ ಇರೇಸ್ ಕೂಡ ಕೊಟ್ಟು ಮರುಬಳಕೆಗೆ ಕಳಿಸಿ, ಶಾಲೆಗೆ ಬೇಡ. ಎರಡೂ ಏರುತ್ತಾ ಹೋದ್ರೆ ಒಡೆಯೋದೇ ಸರಿ, ಗ್ಲೌಸ್ ಹಾಕ್ಕಳಿ, ಲ್ಯಾಪ್‌ಟಾಪ್ ಡಿಸ್ಕ್, ಒಳಗೆ ಗಾಜಿರಬಹುದು.